ಒಂದು ಬಕೆಟ್ ನೊರೆ



2015ರ ಬೇಸಿಗೆಯ ಒಂದು ಬೆಳಿಗ್ಗೆ. ಕಾರ್ಯಕ್ರಮವೊಂದರ ಚಿತ್ರೀಕರಣಕ್ಕಾಗಿ ನಾವು ಬೆಂಗಳೂರಿನ ಬೆಳ್ಳಂದೂರು ಕೆರೆಯ ಕೋಡಿಯ ಬಳಿ ನಿಂತಿದ್ದೆವು. ನೀರು ಧುಮುಕುವ ಜಾಗದಲ್ಲಿ ಬಿಳಿ ನೊರೆ ಆಳೆತ್ತರಕ್ಕೆ ಎದ್ದು, ಗಾಳಿಗೆ ಹಾರಿ, ರಸ್ತೆಯಲ್ಲಿ ಹೋಗುವ ಸ್ಕೂಟರುಗಳ ಮೇಲೆ ಬೀಳುತ್ತಿತ್ತು. ಕಣ್ಣಿಗೆ ಅರಳೆ, ಮೂಗಿಗೆ ಚರಂಡಿ. ಆ ವರ್ಷದ ಮೇ ತಿಂಗಳಲ್ಲಿ ಕೆರೆಯ ಮೇಲಿನ ನೊರೆಗೆ ಬೆಂಕಿಯೂ ಹತ್ತಿಕೊಂಡಿತು. ಈ ಸುದ್ದಿಯನ್ನು ನಿಮ್ಮಲ್ಲಿ ಕೆಲವರಾದರೂ ಕೇಳಿರಬಹುದು.

ಆ ದಿನ ನನ್ನ ಅಂಗಿಯ ಮೇಲೂ ನೊರೆ ಬಿದ್ದಿತ್ತು. ರಾತ್ರಿ ಮನೆಗೆ ಬಂದವನು ಅದನ್ನು ಬಕೆಟ್ಟಿನಲ್ಲಿ ನೆನೆಹಾಕಿದೆ. ಅಸಹ್ಯವಾಗಿದ್ದರಿಂದ ಒಂದು ಹಿಡಿ ಜಾಸ್ತಿಯೇ ಸೋಪಿನ ಪುಡಿ ಹಾಕಿ, ಚೆನ್ನಾಗಿ ತಿಕ್ಕಿ, ನೊರೆನೀರನ್ನು ಬಚ್ಚಲಿಗೆ ಚೆಲ್ಲಿದೆ. ಚೆಲ್ಲಿದ ಮೇಲೆ ಹೊಳೆಯಿತು: ನಮ್ಮ ಬಡಾವಣೆ ಇರುವುದು ಕೋರಮಂಗಲ-ಚಲ್ಲಘಟ್ಟ ಕಣಿವೆಯಲ್ಲಿ. ನಮ್ಮ ಬಚ್ಚಲಿನ ನೀರು ಇಳಿದು ಹೋಗುವುದು ಅದೇ ಬೆಳ್ಳಂದೂರು ಕೆರೆಯ ಕಡೆಗೆ. ಬೆಳಿಗ್ಗೆ ಯಾರದೋ ತಪ್ಪೆಂದು ನಾನು ಚಿತ್ರೀಕರಿಸಿದ್ದ ನೊರೆಯಲ್ಲಿ ನನ್ನದೂ ಒಂದು ಬಕೆಟ್ ಇತ್ತು.

ಇಲ್ಲಿ ಸ್ವಲ್ಪ ವಿಜ್ಞಾನ ನೋಡೋಣ. ಮಾರ್ಜಕದ ಅಣುವಿಗೆ ಎರಡು ತುದಿಗಳು. ಒಂದು ನೀರನ್ನು ಹಿಡಿಯುತ್ತದೆ, ಇನ್ನೊಂದು ಎಣ್ಣೆ ಜಿಡ್ಡನ್ನು ಹಿಡಿಯುತ್ತದೆ. ಕೊಳೆ ಬಿಡುವುದು ಈ ಎಳೆದಾಟದಿಂದ. ಇದೇ ಅಣುಗಳು ನೀರಿನ ಮೇಲ್ಮೈ ಎಳೆತವನ್ನು ತಗ್ಗಿಸುತ್ತವೆ. ಅಂಥ ನೀರು ಕೋಡಿಯಲ್ಲಿ ಬಿದ್ದು ಗಾಳಿಯೊಡನೆ ಬೆರೆತಾಗ ನೊರೆ ಏಳುತ್ತದೆ. ಕೆಲವು ಪುಡಿಗಳಲ್ಲಿ ಗಡಸು ನೀರನ್ನು ಮೆದು ಮಾಡಲು ಫಾಸ್ಫೇಟ್ ಸೇರಿಸಿರುತ್ತಾರೆ. ಅದು ಕೆರೆ ಸೇರಿದರೆ ಪಾಚಿಗೂ ಕಳೆಗೂ ಗೊಬ್ಬರವಾಗುತ್ತದೆ.

ಚರಂಡಿ ನೀರನ್ನು ಸರಿಯಾಗಿ ಶುದ್ಧೀಕರಿಸಿ ಬಿಟ್ಟಿದ್ದರೆ ಕೆರೆಗೆ ಈ ಗತಿ ಬರುತ್ತಿರಲಿಲ್ಲ ಎಂಬುದು ನಿಜ. ಅದು ಆಡಳಿತದ ಹೊಣೆ; ಅದನ್ನು ಕೇಳುವ ಹಕ್ಕು ನಮಗಿದೆ. ಆದರೆ ಪುಡಿ ಕೊಳ್ಳುವವರು ಯಾರು? ನಾವು. ಎಷ್ಟು ಹಾಕಬೇಕೆಂದು ತೀರ್ಮಾನಿಸುವವರೂ ನಾವೇ. ನೊರೆ ಹೆಚ್ಚಾದರೆ ಬಟ್ಟೆ ಹೆಚ್ಚು ಶುಭ್ರ ಎಂಬುದು ತಪ್ಪು ಕಲ್ಪನೆ. ಮುಂಬಾಗಿಲಿನ ವಾಷಿಂಗ್ ಮೆಷಿನ್ನಿಗೆ ಬೇಕೆಂದೇ ಕಡಿಮೆ ನೊರೆಯ ಪುಡಿ ತಯಾರಿಸುತ್ತಾರೆ. ಅದರಲ್ಲೂ ಬಟ್ಟೆ ಶುಭ್ರವಾಗುತ್ತದೆ.

ಹಾಗಾದರೆ ಎಲ್ಲವನ್ನೂ 'ನೈಸರ್ಗಿಕ'ವಾಗಿ ಬದಲಿಸಿಬಿಡೋಣವೇ? ನಾನೂ ಹಾಗೆಂದುಕೊಂಡು ಒಂದು ತಪ್ಪು ಮಾಡಿದೆ. ಆ ಕಾರ್ಯಕ್ರಮ ಪ್ರಸಾರವಾದ ಉತ್ಸಾಹದಲ್ಲಿ ಆರು ಹೊಸ ಹತ್ತಿ ಚೀಲ, ಬಿದಿರಿನ ಬ್ರಷ್ಷು, ಮರದ ಬಾಚಣಿಗೆ, ಹಸಿರು ಎಲೆಯ ಚಿತ್ರವಿದ್ದ ಶ್ಯಾಂಪೂ ಎಲ್ಲವನ್ನೂ ತಂದೆ. ಅಮ್ಮ ಒಂದೊಂದಾಗಿ ತೆಗೆದು ನೋಡಿ, "ಮನೆಯಲ್ಲಿದ್ದ ಚೀಲಕ್ಕೆ ಏನಾಗಿತ್ತಪ್ಪಾ?" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಬಾಗಿಲ ಹಿಂದಿನ ಮೊಳೆಯಲ್ಲಿ ಅಪ್ಪನ ಕಾಲದ ಮೂರು ಚೀಲಗಳು ನೇತಾಡುತ್ತಿದ್ದವು.

ಅಮ್ಮನ ಪ್ರಶ್ನೆಗೆ ಲೆಕ್ಕದ ಆಧಾರವೂ ಇದೆ. ಡೆನ್ಮಾರ್ಕ್ ದೇಶದ ಪರಿಸರ ಸಂರಕ್ಷಣಾ ಸಂಸ್ಥೆ 2018ರಲ್ಲಿ ಒಂದು ಅಧ್ಯಯನ ಪ್ರಕಟಿಸಿತು. ಅದರ ಪ್ರಕಾರ, ವಾತಾವರಣದ ಮೇಲಿನ ಪರಿಣಾಮವೊಂದನ್ನೇ ಎಣಿಸಿದರೂ ಹತ್ತಿ ಚೀಲವನ್ನು ಕನಿಷ್ಠ 52 ಸಲ ಬಳಸಿದರೆ ಮಾತ್ರ ಅದು ಪ್ಲಾಸ್ಟಿಕ್ ಚೀಲಕ್ಕೆ ಸಮ. ಬೇರೆಲ್ಲ ಪರಿಣಾಮಗಳನ್ನೂ ಸೇರಿಸಿದರೆ 7100 ಸಲ! ಬೀದಿಯಲ್ಲಿ ಬಿದ್ದ ಪ್ಲಾಸ್ಟಿಕ್ಕಿನಿಂದಾಗುವ ಹಾನಿ ಆ ಲೆಕ್ಕದಲ್ಲಿ ಸೇರಿಲ್ಲ. ಆದ್ದರಿಂದ ಪ್ಲಾಸ್ಟಿಕ್ಕೇ ಒಳ್ಳೆಯದೆಂದು ತಿಳಿಯಬೇಡಿ. ಚೀಲ ಯಾವುದರದ್ದು ಎಂಬುದರಷ್ಟೇ ಅದನ್ನು ಎಷ್ಟು ಸಲ ಬಳಸಿದಿರಿ ಎಂಬುದೂ ಮುಖ್ಯ ಎಂದು ತಿಳಿಯಿರಿ.

ಬಟ್ಟೆಗೂ ಇದೇ ಮಾತು ಅನ್ವಯಿಸುತ್ತದೆ. ಹತ್ತಿ ಬೆಳೆಯುವುದರಿಂದ ಹಿಡಿದು ಒಂದು ಟಿ-ಶರ್ಟ್ ಸಿದ್ಧವಾಗುವವರೆಗೆ ಸುಮಾರು 2700 ಲೀಟರ್ ನೀರು ಬೇಕೆಂದು ಅಂದಾಜು. ದಿನಕ್ಕೆ 3 ಲೀಟರ್ ಕುಡಿಯುವವರಿಗೆ ಅದು 900 ದಿನಗಳ ನೀರು. ಈಗ ನಿಮ್ಮ ಕಾಲೇಜು ದಿನಾಚರಣೆಯನ್ನು ನೆನೆಸಿಕೊಳ್ಳಿ. ತರಗತಿಯ 60 ಮಂದಿಯೂ ಒಂದೇ ಬಣ್ಣದ ಟಿ-ಶರ್ಟ್ ಹೊಲಿಸಿ, ಒಂದು ದಿನ ತೊಟ್ಟು, ಫೋಟೋ ತೆಗೆಸಿಕೊಂಡು ಮಡಿಸಿಟ್ಟರೆ 1,62,000 ಲೀಟರ್ ನೀರು ಕಪಾಟು ಸೇರಿದಂತೆ. 6000 ಲೀಟರಿನ ಟ್ಯಾಂಕರುಗಳಾದರೆ 27. ಪಾಲಿಯೆಸ್ಟರ್ ಆದರೆ ಹತ್ತಿಯ ನೀರು ಉಳಿಯುತ್ತದೆ ಎನ್ನುತ್ತೀರೇನೋ. ಆದರೆ ಅದು ಪೆಟ್ರೋಲಿಯಂನಿಂದ ತಯಾರಾದದ್ದು. ಒಗೆದಾಗಲೆಲ್ಲ ಕಣ್ಣಿಗೆ ಕಾಣದಷ್ಟು ಸಣ್ಣ ಪ್ಲಾಸ್ಟಿಕ್ ಎಳೆಗಳನ್ನು ನೀರಿಗೆ ಬಿಡುತ್ತದೆ.

ನಮ್ಮ ಹಿರಿಯರಿಗೆ ಈ ಅಂಕಿಗಳು ಗೊತ್ತಿರಲಿಲ್ಲ, ಆದರೆ ಬಟ್ಟೆಯ ಬೆಲೆ ಗೊತ್ತಿತ್ತು. ಅಣ್ಣನ ಅಂಗಿ ತಮ್ಮನಿಗೆ ಬರುತ್ತಿತ್ತು. ಹಳೆಯ ಪಂಚೆ ಹಸುಗೂಸಿನ ಮೆತ್ತನೆಯ ಬಟ್ಟೆಯಾಗುತ್ತಿತ್ತು. ಸವೆದ ಸೀರೆಗಳು ಕೌದಿಯಾಗುತ್ತಿದ್ದವು. ಉತ್ತರ ಕನ್ನಡದ ಸಿದ್ದಿ ಮಹಿಳೆಯರು ಹಳೆಯ ಬಟ್ಟೆಯ ತುಂಡುಗಳಿಂದ ಹೊಲಿಯುವ ಕೌದಿಗಳನ್ನು ಇಂದು ದೂರದ ಊರಿನವರೂ ಮೆಚ್ಚಿ ಕೊಳ್ಳುತ್ತಾರೆ. ಹೊಸ ಬಟ್ಟೆ ಬೇಕೇಬೇಕೆಂದಾದಾಗ ಹೊಲಿಗೆ ಗಟ್ಟಿಯಿದೆಯೇ, ಬಿಚ್ಚಿ ಸಡಿಲಿಸಲು ಒಳಗೆ ಬಟ್ಟೆ ಬಿಟ್ಟಿದ್ದಾರೆಯೇ ಎಂದು ನೋಡಿ. ಸಾಧ್ಯವಾದರೆ ನಮ್ಮದೇ ನೇಕಾರರ ಕೈಮಗ್ಗದ ಬಟ್ಟೆ ಕೊಳ್ಳಿ.

ಇನ್ನು ಸೌಂದರ್ಯ ಸಾಧನಗಳು. 'ಹರ್ಬಲ್' ಎಂಬ ದೊಡ್ಡ ಅಕ್ಷರವನ್ನು ಬಿಟ್ಟು ಡಬ್ಬಿಯ ಹಿಂಬದಿಯ ಸಣ್ಣ ಅಕ್ಷರ ಓದಿ. ಶೇಕಡಾ ಒಂದಕ್ಕಿಂತ ಹೆಚ್ಚಿರುವ ಪದಾರ್ಥಗಳನ್ನು ಪ್ರಮಾಣದ ಇಳಿಕೆಯ ಕ್ರಮದಲ್ಲಿ ಬರೆಯಬೇಕೆಂಬುದು ನಿಯಮ. ಚಿತ್ರದಲ್ಲಿರುವ ಲೋಳೆಸರ ಪಟ್ಟಿಯ ಕೊನೆಯಲ್ಲಿದ್ದರೆ ಅದು ಎಷ್ಟಿದೆ ಎಂದು ನೀವೇ ಊಹಿಸಬಹುದು. ಹಲವು ಪದರಗಳನ್ನು ಅಂಟಿಸಿ ಮಾಡಿದ ಶ್ಯಾಂಪೂ ಪೊಟ್ಟಣವನ್ನು ಬಿಡಿಸಿ ಮರುಬಳಸುವುದು ಬಹಳ ಕಷ್ಟ. ಮನೆಮಂದಿಗೆಲ್ಲ ಸೇರಿ ಒಂದು ದೊಡ್ಡ ಬಾಟಲಿ ತರುವುದು ಮೇಲು. ಸೀಗೆಪುಡಿ, ಅಂಟುವಾಳಗಳು ಒಳ್ಳೆಯವೇ. ಅವು ಮಣ್ಣಿನಲ್ಲಿ ಬೇಗ ಕರಗಿಹೋಗುತ್ತವೆ. ಆದರೆ ಅಂಟುವಾಳದ ನೊರೆಯೂ ಮೀನಿಗೆ ವಿಷ. ನೈಸರ್ಗಿಕವೆಂದು ಕೆರೆಗೆ ಸುರಿಯುವಂತಿಲ್ಲ.

ಸರ್ಕಾರವೂ 1991ರಲ್ಲಿ ಪರಿಸರಸ್ನೇಹಿ ವಸ್ತುಗಳಿಗಾಗಿ ಮಣ್ಣಿನ ಮಡಕೆಯ ಗುರುತಿನ 'ಇಕೋಮಾರ್ಕ್' ಯೋಜನೆ ತಂದಿತು. 2024ರಲ್ಲಿ ಅದಕ್ಕೆ ಹೊಸ ನಿಯಮಗಳು ಬಂದವು. ಅಂಗಡಿಯಲ್ಲಿ ಆ ಗುರುತು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಹಾಗಾಗಿ ಸದ್ಯಕ್ಕೆ ನಮ್ಮ ಕೈಯಲ್ಲಿರುವುದು ಮೂರು ಪ್ರಶ್ನೆಗಳು. ಇದು ನನಗೆ ಬೇಕೆ? ಎಷ್ಟು ದಿನ ಬಾಳುತ್ತದೆ? ಬಳಸಿದ ಮೇಲೆ ಎಲ್ಲಿಗೆ ಹೋಗುತ್ತದೆ?

ಈ ವಾರ ಒಂದು ಪ್ರಯೋಗ ಮಾಡಿ. ಮನೆಯವರನ್ನು ಕೇಳಿ, ಒಂದು ದಿನ ನೀವೇ ಬಟ್ಟೆ ಒಗೆಯಿರಿ. ಎಂದಿನ ಪುಡಿಯ ಅರ್ಧದಷ್ಟನ್ನೇ ಹಾಕಿ. ಬಟ್ಟೆ ಒಣಗಿದ ಮೇಲೆ, ಎಂದಿನಂತೆ ಒಗೆದ ಬಟ್ಟೆಯ ಪಕ್ಕದಲ್ಲಿಟ್ಟು ನೋಡಿ. ಜೊತೆಗೆ ನಿಮ್ಮ ಮನೆಯ ಬಚ್ಚಲ ನೀರು ಯಾವ ಕೆರೆಗೆ, ಯಾವ ಹೊಳೆಗೆ ಸೇರುತ್ತದೆ ಎಂದು ಊರಿನ ಹಿರಿಯರನ್ನು ಕೇಳಿ ತಿಳಿದುಕೊಳ್ಳಿ. ಆ ಹೆಸರು ಗೊತ್ತಾದ ಮೇಲೆ ಪುಡಿಯ ಡಬ್ಬಿಗೆ ಕೈ ಹಾಕುವಾಗ ಕೈ ತಾನಾಗಿಯೇ ಸ್ವಲ್ಪ ತಡೆಯುತ್ತದೆ. ನನಗೆ ಆದದ್ದೂ ಹಾಗೆಯೇ.

ಅಂದ ಹಾಗೆ, ಆ ಅಂಗಿ ಇನ್ನೂ ಇದೆ. ಕಾಲರ್ ಸವೆದಿತ್ತು, ಟೈಲರ್ ಬಳಿ ಮಗುಚಿ ಹೊಲಿಸಿದ್ದೇನೆ.