ತುರಮುರಿಯಿಂದ ಜಕಾರ್ತಾಕ್ಕೆ



ಬೆಳಗಾವಿಯ ಸಮೀಪದ ತುರಮುರಿ ಗ್ರಾಮದ ರೈತಕುಟುಂಬದಲ್ಲಿ ಜನಿಸಿದ ಮಲಪ್ರಭಾ ಜಾಧವ್ ಅವರು, 2018ನೆಯ ಇಸವಿಯ ಆಗಸ್ಟ್ ಮಾಸದಲ್ಲಿ ಜಕಾರ್ತಾ ನಗರದ ಏಷ್ಯನ್ ಕ್ರೀಡಾಕೂಟದಲ್ಲಿ, ಮಹಿಳೆಯರ 52 ಕಿಲೋಗ್ರಾಂ ವರ್ಗದ ಕುರಾಶ್ ಪಂದ್ಯದಲ್ಲಿ ಕಂಚಿನ ಪದಕವನ್ನು ಗಳಿಸಿದಾಗ, ನಮ್ಮಲ್ಲಿ ಬಹುಮಂದಿ ಅವರ ಹೆಸರನ್ನೂ ಆ ಕ್ರೀಡೆಯ ಹೆಸರನ್ನೂ ಒಂದೇ ದಿನ ಕೇಳಿದೆವು. ಆದರೆ ಆ ಪದಕಕ್ಕೆ ಆಧಾರವಾಗಿದ್ದ ವಿದ್ಯೆ, ಬೆಳಗಾವಿಯ ಸರ್ಕಾರಿ ತರಬೇತಿ ಕೇಂದ್ರದಲ್ಲಿ ಅವರು ವರ್ಷಗಟ್ಟಲೆ ಅಭ್ಯಸಿಸಿದ ಜೂಡೋ.

1882ರಲ್ಲಿ ಟೋಕಿಯೋದ ಬೌದ್ಧಾಲಯವೊಂದರಲ್ಲಿ ಕಾನೊ ಜಿಗೊರೊ ಎಂಬ ಶಿಕ್ಷಣತಜ್ಞರು ಪುರಾತನ ಜುಜುತ್ಸು ಸಂಪ್ರದಾಯಗಳನ್ನು ಪರಿಷ್ಕರಿಸಿ ರೂಪಿಸಿದ ಈ ವಿದ್ಯೆಯಲ್ಲಿ ಬಲಕ್ಕಿಂತ ಸಮತೋಲವೇ ಪ್ರಧಾನ. ಎದುರಾಳಿ ತಳ್ಳಿದರೆ ಸೆಳೆದುಕೊಳ್ಳಬೇಕು, ಸೆಳೆದರೆ ಮುನ್ನುಗ್ಗಬೇಕು. ಅವನ ದೇಹವು ತನ್ನ ನೆಲೆಯನ್ನು ತಪ್ಪಿದ ಆ ನಿಮಿಷಾರ್ಧದಲ್ಲಿಯೇ ಅವನನ್ನು ಬೆನ್ನಡಿಯಾಗಿ ಕೆಡವಬೇಕು. ವಿಶೇಷವೇನೆಂದರೆ, ಜೂಡೋ ಕಲಿಯಬಂದವರಿಗೆ ಮೊದಲು ಬೋಧಿಸುವುದು ಕೆಡಹುವುದನ್ನಲ್ಲ, ಬೀಳುವುದನ್ನು. ತಲೆಗೆ ಪೆಟ್ಟಾಗದಂತೆ ಗದ್ದವನ್ನು ಎದೆಗೊತ್ತಿ, ತೋಳಿನಿಂದ ಚಾಪೆಯನ್ನು ಬಡಿದು, ಆಘಾತವನ್ನು ಚದುರಿಸಿ ಬೀಳುವುದು ಮೈಗೂಡಿದ ಮೇಲೆಯೇ ಉಳಿದೆಲ್ಲ ಪಾಠ. ಕ್ರೀಡೆಗಳಲ್ಲಿ ಇಷ್ಟು ಮಾನವೀಯವಾದ ಆರಂಭ ವಿರಳವೆಂದು ನನ್ನ ನಂಬಿಕೆ.

ಸ್ತ್ರೀಯರಿಗೆ ಮಾತ್ರ ಜೂಡೋದ ದ್ವಾರ ಸುಲಭವಾಗಿ ತೆರೆಯಲಿಲ್ಲ. 1959ರಲ್ಲಿ ಅಮೆರಿಕದ ರಸ್ಟಿ ಕಾನೊಕೋಗಿ ಪುರುಷವೇಷದಲ್ಲಿ ಸ್ಪರ್ಧಿಸಿ ಗೆದ್ದರು. ಹೆಣ್ಣೆಂದು ತಿಳಿದೊಡನೆ ಪದಕವನ್ನು ಹಿಂತೆಗೆದುಕೊಳ್ಳಲಾಯಿತು. ಅದೇ ಮಹಿಳೆ 1980ರಲ್ಲಿ ನ್ಯೂಯಾರ್ಕಿನಲ್ಲಿ ಸ್ತ್ರೀಯರ ಪ್ರಥಮ ವಿಶ್ವ ಜೂಡೋ ಸ್ಪರ್ಧೆಯನ್ನು ಏರ್ಪಡಿಸಿದರು. ಒಲಿಂಪಿಕ್ಸ್‌ನಲ್ಲಿ ಪುರುಷರ ಜೂಡೋ 1964ರಲ್ಲಿಯೇ ಸೇರಿದ್ದರೂ, ಸ್ತ್ರೀಯರಿಗೆ ಪದಕಗಳು ದೊರೆಯತೊಡಗಿದ್ದು 1992ರಲ್ಲಿ. ಅಲ್ಲಿಂದೀಚೆಗೆ ಮೊರಾಕ್ಕೋದ ಅಸ್ಮಾ ನಿಯಾಂಗ್ ಅವರಂತಹ ಆಫ್ರಿಕಾದ ವನಿತೆಯರೂ ಒಲಿಂಪಿಕ್ ಚಾಪೆಯನ್ನು ಏರಿದ್ದಾರೆ.

ಮಲಪ್ರಭಾ ಅವರು ಪದಕ ಗಳಿಸಿದ ಕುರಾಶ್ ಉಜ್ಬೇಕಿಸ್ತಾನದ ದೇಶೀಯ ಮಲ್ಲವಿದ್ಯೆ. ಜೂಡೋದಲ್ಲಿ ನೆಲಕ್ಕೆ ಬಿದ್ದ ಮೇಲೂ ಹೋರಾಟ ಮುಂದುವರಿಯಬಹುದು. ಕುರಾಶ್‌ನಲ್ಲಿ ನಿಂತೇ ಸೆಣಸಬೇಕು, ನೆಲ ಮುಟ್ಟಿದರೆ ತೀರ್ಪುಗಾರರು ಎಬ್ಬಿಸಿ ನಿಲ್ಲಿಸುವರು. ಆದುದರಿಂದ ಎಸೆತದಲ್ಲಿ ನುರಿತ ಜೂಡೋಪಟುವಿಗೆ ಅದು ತೀರ ಅಪರಿಚಿತವಲ್ಲ. ಮಲಪ್ರಭಾ ಅವರು ಉಪಾಂತ್ಯದಲ್ಲಿ ಸೋತದ್ದು ಉಜ್ಬೇಕಿಸ್ತಾನದ ಗುಲ್ನೋರ್ ಸುಲೈಮಾನೋವಾ ಅವರಿಗೆ, ಮುಂದೆ ಸ್ವರ್ಣವನ್ನು ಪಡೆದವರಿಗೆ. ಅಂತಿಮ ಪಂದ್ಯದಲ್ಲಿ ಅವರನ್ನೇ ಎದುರಿಸಿ ರಜತ ಪಡೆದವರು ಭಾರತದವರೇ ಆದ ಪಿಂಕಿ ಬಲ್ಹಾರಾ. ಕುರಾಶ್ ಏಷ್ಯನ್ ಕ್ರೀಡಾಕೂಟವನ್ನು ಪ್ರವೇಶಿಸಿದ ಮೊದಲ ವರ್ಷವೇ ಒಂದು ವರ್ಗದಲ್ಲಿ ಭಾರತೀಯ ಯುವತಿಯರಿಬ್ಬರಿಗೆ ಪದಕ ಲಭಿಸಿತು.

ಇಷ್ಟಾದರೂ ಕ್ರಿಕೆಟ್ ಆಟಗಾರರ ಹೆಸರುಗಳನ್ನು ಸರಾಗವಾಗಿ ಹೇಳುವ ನಮ್ಮ ಮಕ್ಕಳಿಗೆ ಮಲಪ್ರಭಾ ಅವರ ಹೆಸರು ಅಪರಿಚಿತವಾಗಿಯೇ ಉಳಿದಿರುವುದು ನನಗೆ ನಿಜವಾಗಿಯೂ ವ್ಯಥೆಯನ್ನುಂಟುಮಾಡುತ್ತದೆ. ಕೀರ್ತಿ ಪದಕದ ದಿನ ಬಂದು ಮರುವಾರ ಹೊರಟುಹೋಗಬಹುದು. ತುರಮುರಿಯ ಬಾಲಿಕೆಯನ್ನು ಜಕಾರ್ತಾಕ್ಕೆ ಕೊಂಡೊಯ್ದದ್ದು ಅದಲ್ಲ, ಹತ್ತಿರದ ಪಟ್ಟಣದಲ್ಲಿ ದೊರೆತ ನಿತ್ಯದ ಶಿಕ್ಷಣ. ಅಂತಹ ಶಿಕ್ಷಣ ಇತರ ಊರುಗಳಲ್ಲಿಯೂ ದೊರೆಯಬೇಕು. ಉದಾಹರಣೆಗೆ, ಗೌರಿಬಿದನೂರಿನ ಬಳಿಯ ಕುಡುಮಲಕುಂಟೆಯಲ್ಲಿ ಕೈಗಾರಿಕಾ ಪ್ರದೇಶ ಎದ್ದಿದೆ. ಅಲ್ಲಿನ ಹೆಣ್ಣುಮಗುವೊಂದು ಜೂಡೋ ಕಲಿಯಬಯಸಿದರೆ ಅದಕ್ಕೆ ಬೇಕಾದುದು ಒಂದು ವಿಶಾಲವಾದ ಕೊಠಡಿ, ದಪ್ಪನೆಯ ಚಾಪೆಗಳು, ಬೀಳುವುದನ್ನು ತಾಳ್ಮೆಯಿಂದ ಕಲಿಸಬಲ್ಲ ಶಿಕ್ಷಕರು, ಮತ್ತು ಕತ್ತಲಾಗುವ ಮುನ್ನ ಆಕೆಯನ್ನು ಸುರಕ್ಷಿತವಾಗಿ ಮನೆಗೆ ತಲುಪಿಸುವ ಏರ್ಪಾಡು.