ಉರುಳಿಗೆ ಕಣ್ಣಿಲ್ಲ

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯನ್ನು ಎಣ್ಣೆ ಗಿರಣಿಗಳಿಗಾಗಿಯೂ ಮೊಳಕಾಲ್ಮೂರನ್ನು ರೇಷ್ಮೆ ಸೀರೆಗಾಗಿಯೂ ನಾಡು ಬಲ್ಲದು. ಈ ಎರಡು ತಾಲ್ಲೂಕುಗಳಿಗೆ ಇನ್ನೊಂದು ಆಸ್ತಿಯೂ ಉಂಟು. ಅದು ಸಂತೆಗೆ ಬರುವುದಿಲ್ಲ, ಮತ ಹಾಕುವುದಿಲ್ಲ. ಬಂಡೆಗುಡ್ಡಗಳ ಗವಿಗಳಲ್ಲಿ ಕರಡಿ, ಚಿರತೆ. ಅಮೃತಮಹಲ್ ಕಾವಲುಗಳ ಹುಲ್ಲಿನಲ್ಲಿ ಕೃಷ್ಣಮೃಗ, ತೋಳ. ಕಾರೆ ಬಾರೆಯ ಪೊದೆಗಳಲ್ಲಿ ಮೊಲ, ಉಡ, ಗೌಜಲಹಕ್ಕಿ. ಈ ಜೀವಿಗಳನ್ನು ಬಲೆ, ಉರುಳುಗಳಿಂದ ಹಿಡಿಯುವುದರ ಬಗೆಗೆ ನಮ್ಮ ಕಾಯಿದೆ ಏನು ಹೇಳುತ್ತದೆ, ಏನನ್ನು ಹೇಳದೆ ಬಿಟ್ಟಿದೆ ಎಂಬುದನ್ನು ಕೇಳುಗರ ಮುಂದಿಟ್ಟು, ಆ ಮೂಲಕ ನಮ್ಮ ಶಾಸಕರಲ್ಲಿ ಒಂದು ಅರಿಕೆ ಮಾಡಿಕೊಳ್ಳಬೇಕೆಂಬುದು ನನ್ನ ಉದ್ದೇಶ.

ಈ ಮಾತನ್ನು ಮೊಳಕಾಲ್ಮೂರಿನಿಂದ ಆರಂಭಿಸುವುದಕ್ಕೆ ಸಕಾರಣವಿದೆ. ಈ ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕ ಚಕ್ರವರ್ತಿಯ ಶಾಸನಗಳನ್ನು 1892ರಲ್ಲಿ ಬಿ. ಎಲ್. ರೈಸ್ ಅವರು ಬೆಳಕಿಗೆ ತಂದರು. ಸುವರ್ಣಗಿರಿಯಿಂದ ರಾಜಕುಮಾರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರಿಗೆ ಬರೆಸಿದ ಪತ್ರವಿದು. ಮೊದಲು ಅಧಿಕಾರಿಗಳ ಆರೋಗ್ಯವನ್ನು ವಿಚಾರಿಸಿ, ಆಮೇಲೆ ರಾಜಾಜ್ಞೆಯನ್ನು ತಿಳಿಸುತ್ತದೆ. ತಾಯಿತಂದೆಯರ ಸೇವೆ, ಸತ್ಯವಚನ ಇವೆರಡರ ನಡುವೆ ಪ್ರಾಣಿಗಳ ಮಾತೂ ಬರುತ್ತದೆ. ಅಲ್ಲಿ ಬಳಸಿರುವ ಪದ ಬರಿಯ ಕನಿಕರವನ್ನಲ್ಲ, ದಾರ್ಢ್ಯವನ್ನು ಸೂಚಿಸುತ್ತದೆಂಬುದು ಗಮನಾರ್ಹ. ಮುಂದೆ ಪಟ್ಟಾಭಿಷೇಕದ 26ನೆಯ ವರ್ಷದಲ್ಲಿ ಕಂಬಗಳ ಮೇಲೆ ಕೆತ್ತಿಸಿದ ಶಾಸನದಲ್ಲಿ ಅದೇ ಅರಸು ಗಿಳಿ, ಗೊರವಂಕ ಮೊದಲಾಗಿ ಕೊಲ್ಲಬಾರದ ಜೀವಿಗಳ ಹೆಸರುಗಳನ್ನೇ ಪಟ್ಟಿ ಮಾಡಿದನು. ಮೀನು ಹಿಡಿಯಬಾರದ ದಿನಗಳನ್ನೂ ಗೊತ್ತುಪಡಿಸಿದನು. ದಯೆಯನ್ನು ಮನಸ್ಸಿನ ಪಾಡಿಗೆ ಬಿಡದೆ ಆಡಳಿತದ ಕೆಲಸವನ್ನಾಗಿ ಮಾಡಿದ ರೀತಿ ಇದು.

ಇನ್ನು ನಮ್ಮ ಕಾಲದ ಶಾಸನ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬೇಟೆಯೆಂಬ ಮಾತಿಗೆ ವಿಶಾಲವಾದ ಅರ್ಥವನ್ನು ಕೊಟ್ಟಿದೆ. ಕೊಲ್ಲುವುದಷ್ಟೇ ಅಲ್ಲ, ಬಲೆಗೆ ಕೆಡಹುವುದು, ಉರುಳು ಹಾಕುವುದು, ಆಮಿಷವೊಡ್ಡುವುದು, ಅಂಥ ಪ್ರಯತ್ನ ಮಾಡುವುದು ಕೂಡ ಬೇಟೆಯೇ. ಮೂಲ ಕಾಯಿದೆಯಲ್ಲಿ ವನ್ಯಪ್ರಾಣಿಗಳನ್ನು ಹಿಡಿಯಲು ಪರವಾನಗಿ ಪಡೆಯುವ ಅವಕಾಶವಿತ್ತು. 1991ರ ತಿದ್ದುಪಡಿ ಅದನ್ನು ತೆಗೆದುಹಾಕಿತು. 2022ರ ತಿದ್ದುಪಡಿ ಅನುಸೂಚಿಗಳನ್ನು ಹೊಸದಾಗಿ ಜೋಡಿಸಿ ದಂಡವನ್ನು ಹೆಚ್ಚಿಸಿತು. 2023ರ ಏಪ್ರಿಲ್ 1ರಿಂದ ಅದು ಜಾರಿಯಲ್ಲಿದೆ. ಮೊದಲ ಅನುಸೂಚಿಯ ಪ್ರಾಣಿಯನ್ನು ಬೇಟೆಯಾಡಿದವನಿಗೆ 3ರಿಂದ 7 ವರ್ಷಗಳ ಸೆರೆವಾಸ, 25,000 ರೂಪಾಯಿಗಳಿಗೆ ಕಡಿಮೆಯಿಲ್ಲದ ದಂಡ. ಇಷ್ಟು ಕೇಳಿದವರು ಇನ್ನೇನು ಕೊರತೆಯೆಂದು ಪ್ರಶ್ನಿಸಬಹುದು.

ಕೊರತೆಯಿರುವುದು ಸಾಧನದ ವಿಷಯದಲ್ಲಿ. ಕಾಯಿದೆಯು ಆಯುಧವೆಂಬ ಪದದಲ್ಲಿ ಬಲೆ, ಉರುಳು, ಬೋನುಗಳನ್ನೂ ಸೇರಿಸಿದೆ. ಲಿಖಿತ ಅನುಮತಿಯಿಲ್ಲದೆ ಆಯುಧದೊಡನೆ ಅಭಯಾರಣ್ಯವನ್ನು ಹೊಗಬಾರದೆಂದೂ ವಿಧಿಸಿದೆ. ಆದರೆ ಈ ನಿರ್ಬಂಧ ಅಭಯಾರಣ್ಯದ ಎಲ್ಲೆಯೊಳಗೆ ಮಾತ್ರ. ಚಳ್ಳಕೆರೆ, ಮೊಳಕಾಲ್ಮೂರುಗಳ ಕಾಡುಜೀವಿಗಳ ಬಹುಪಾಲು ಇರುವುದು ಕಾವಲಿನಲ್ಲಿ, ಊರಗುಡ್ಡದಲ್ಲಿ, ರೈತರ ಹೊಲದ ಬದುವಿನಲ್ಲಿ. ಅಲ್ಲಿ ಉಕ್ಕಿನ ಹಲ್ಲುಬೋನನ್ನು ಮಾರಿದವನನ್ನೋ ಉರುಳಿನ ಕಟ್ಟನ್ನು ಹೊತ್ತು ನಡೆದವನನ್ನೋ ಹಿಡಿದರೆ, ಆತ ಕಾಡುಪ್ರಾಣಿಗೆಂದೇ ಅದನ್ನು ಇಟ್ಟುಕೊಂಡಿದ್ದನೆಂದು ಸಾಧಿಸಿ ತೋರಿಸಬೇಕು. ಪ್ರಾಣಿ ಸತ್ತ ಮೇಲೆ ಎಚ್ಚೆತ್ತುಕೊಳ್ಳುವ ಕಾಯಿದೆ, ಸಾಯುವ ಮುಂಚೆ ಅದನ್ನು ಉಳಿಸುವುದೆಂತು?

ಉರುಳಿನ ಕ್ರೌರ್ಯವನ್ನು ಪಟ್ಟಣದ ಓದುಗರು ಬಲ್ಲವರಲ್ಲ. ಹಿಂದೆ ನಾರಿನ ಹುರಿಯಿಂದ ಹೆಣೆದ ಕಣ್ಣಿಗೆ ಮೊಲವೋ ಗೌಜಲೋ ಬೀಳುತ್ತಿತ್ತು. ಈಗ ಮೋಟಾರು ಸೈಕಲಿನ ಕ್ಲಚ್ಚಿನ ತಂತಿಯೇ ಉರುಳು. ಶೇಂಗಾ ಹೊಲಕ್ಕೆ ನುಗ್ಗುವ ಹಂದಿಗೆಂದು ಬೇಲಿಯ ಕಂಡಿಯಲ್ಲಿ ಅದನ್ನು ಬಿಗಿಯುತ್ತಾರೆ. ಸಿಕ್ಕ ಪ್ರಾಣಿ ಜಗ್ಗಿದಷ್ಟೂ ತಂತಿ ಬಿಗಿಯುತ್ತದೆ. ಚರ್ಮವನ್ನು ಸೀಳಿ ಮಾಂಸಕ್ಕೆ ಇಳಿಯುತ್ತದೆ. ಉರುಳಿಗೆ ಕಣ್ಣಿಲ್ಲ. ಹಂದಿಗೆ ಒಡ್ಡಿದ್ದರಲ್ಲಿ ಚಿರತೆಯ ಸೊಂಟ ಸಿಕ್ಕಬಹುದು, ಕರಡಿಯ ಕಾಲು ಸಿಕ್ಕಬಹುದು, ದನ ಕಾಯುವವನ ನಾಯಿಯ ಕೊರಳೂ ಸಿಕ್ಕಬಹುದು. ಕರಡಿ ಸಿಕ್ಕಿತೆಂದರೆ ರೈತನ ಪಾಡೇನು? ಅದು ಮೊದಲ ಅನುಸೂಚಿಯ ಪ್ರಾಣಿ. ಅರಣ್ಯ ಇಲಾಖೆಗೆ ತಿಳಿಸಿದರೆ ಸೆರೆಮನೆಯ ಭಯ. ಆದಕಾರಣ ಆತ ತಿಳಿಸದೆ ಸುಮ್ಮನಾಗುವ ಸಂಭವವೇ ಹೆಚ್ಚು. ಬದುಕಬಹುದಾಗಿದ್ದ ಜೀವ ನರಳಿ ಸಾಯುತ್ತದೆ.

ರೈತನನ್ನು ದೂರಿ ಈ ಪ್ರಶ್ನೆಯನ್ನು ಬಗೆಹರಿಸಲಾಗದು. ಮಳೆ ಕೈಕೊಡುವ ಸೀಮೆಯಲ್ಲಿ ಸಾಲ ತಂದು ಬಿತ್ತಿದ ಶೇಂಗಾವನ್ನು ಹಂದಿಯ ಹಿಂಡು ಒಂದೇ ರಾತ್ರಿಯಲ್ಲಿ ಉತ್ತು ಹಾಕಿದರೆ ಆತ ಅಹಿಂಸೆಯ ಉಪದೇಶವನ್ನು ಕೇಳುವ ಸ್ಥಿತಿಯಲ್ಲಿರುವುದಿಲ್ಲ. ಬೆಳೆಗೆ ಅಪಾಯವಾದಾಗ ಎರಡನೆಯ ಅನುಸೂಚಿಯ ಪ್ರಾಣಿಯ ಬೇಟೆಗೆ ಅನುಮತಿ ಕೊಡುವ ಅಧಿಕಾರವನ್ನು ಕಾಯಿದೆಯೇ ವನ್ಯಜೀವಿ ಅಧಿಕಾರಿಗೆ ಕೊಟ್ಟಿದೆ. ಹಂದಿ ಆ ಅನುಸೂಚಿಯಲ್ಲಿಯೇ ಇದೆ. ಆದರೆ ಹಂದಿ ಇಂದು ರಾತ್ರಿ ಬರುತ್ತದೆ, ಅನುಮತಿ ಕಾಗದದ ಹಾದಿಯಲ್ಲಿ ಬರಬೇಕು.

ಇನ್ನೊಂದು ಬಗೆಯ ಜನರೂ ಇದ್ದಾರೆ. ಹಕ್ಕಿಪಿಕ್ಕಿ ಎಂಬ ಹೆಸರೇ ಹಕ್ಕಿ ಹಿಡಿಯುವ ಕಸುಬನ್ನು ಹೇಳುತ್ತದೆ. ಹಕ್ಕಿಯ ಕೂಗನ್ನು ಕೊರಳಲ್ಲಿ ಹೊರಡಿಸಬಲ್ಲ, ಹೆಜ್ಜೆಯ ಗುರುತಿನಿಂದ ಪ್ರಾಣಿಯನ್ನು ಹೇಳಬಲ್ಲ ಈ ವಿದ್ಯೆ ಯಾವ ಶಾಲೆಯಲ್ಲಿಯೂ ಕಲಿಸುವಂಥದಲ್ಲ. ಕಾಯಿದೆ ಅವರ ಕಸುಬನ್ನು ನಿಲ್ಲಿಸಿತು, ಅದು ಸರಿಯೇ. ಆದರೆ ಆ ವಿದ್ಯೆಗೆ ಬೇರೊಂದು ದಾರಿಯನ್ನು ತೋರಿಸಲಿಲ್ಲ. ಹಾವಿನ ಚರ್ಮದ ವ್ಯಾಪಾರ ನಿಂತ ಮೇಲೆ, ತಮಿಳುನಾಡಿನ ಇರುಳರು 1978ರಲ್ಲಿ ಸಹಕಾರ ಸಂಘವೊಂದನ್ನು ಕಟ್ಟಿಕೊಂಡರು. ಅವರು ಅನುಮತಿ ಪಡೆದು ಹಾವನ್ನು ಹಿಡಿಯುತ್ತಾರೆ, ವಿಷವನ್ನು ತೆಗೆದು ಹಾವನ್ನು ಬಿಟ್ಟುಬಿಡುತ್ತಾರೆ. ಆ ವಿಷ ಹಾವು ಕಚ್ಚಿದವರ ಪ್ರಾಣ ಉಳಿಸುವ ಔಷಧಿಗೆ ಮೂಲವಾಗುತ್ತದೆ. ಹಿಡಿಯುವ ಕೈಯೇ ಕಾಯುವ ಕೈಯಾದ ದೃಷ್ಟಾಂತವಿದು. ಇಡೀ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಕರೆದ 1871ರ ಕಾಯಿದೆಯನ್ನು 1952ರಲ್ಲಿ ರದ್ದುಪಡಿಸಿದ ದೇಶ ನಮ್ಮದು. ಹೊಸ ಶಾಸನದ ನೆರಳಿನಲ್ಲಿ ಆ ಹಳೆಯ ಸಂದೇಹ ಮತ್ತೆ ತಲೆಯೆತ್ತಬಾರದು.

ಇದು ಕೇಂದ್ರದ ಕಾಯಿದೆ, ರಾಜ್ಯದ ಶಾಸಕರು ಏನು ಮಾಡಬಲ್ಲರು ಎಂಬ ಮಾತು ಬರಬಹುದು. ಈ ಕಾಯಿದೆ ಹುಟ್ಟಿದ್ದೇ 11 ರಾಜ್ಯಗಳ ವಿಧಾನಮಂಡಲಗಳು ಠರಾವು ಮಾಡಿ ಸಂಸತ್ತನ್ನು ಕೋರಿದುದರಿಂದ. 1976ರಲ್ಲಿ ಸಂವಿಧಾನದ 42ನೆಯ ತಿದ್ದುಪಡಿಯು ವನ್ಯಜೀವಿಗಳ ರಕ್ಷಣೆಯನ್ನು ಸಮವರ್ತಿ ಪಟ್ಟಿಗೆ ಸೇರಿಸಿತು. ಅಂದರೆ ರಾಷ್ಟ್ರಪತಿಗಳ ಅಂಕಿತ ಪಡೆದು ರಾಜ್ಯವೂ ತನ್ನ ಮಟ್ಟಿಗೆ ತಿದ್ದುಪಡಿ ತರಬಹುದು. 2017ರಲ್ಲಿ ಕಂಬಳವನ್ನು ಉಳಿಸಿಕೊಳ್ಳಲು ನಮ್ಮ ವಿಧಾನಮಂಡಲ ಇದೇ ದಾರಿಯನ್ನು ಹಿಡಿಯಿತು; 1960ರ ಪ್ರಾಣಿಹಿಂಸೆ ತಡೆ ಕಾಯಿದೆಯನ್ನು ಕರ್ನಾಟಕದ ಮಟ್ಟಿಗೆ ತಿದ್ದಿತು; 2023ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಕೋಣವನ್ನು ಓಡಿಸುವುದಕ್ಕೆ ತೆರೆದ ಬಾಗಿಲು ಕರಡಿಯನ್ನು ಕಾಯುವುದಕ್ಕೂ ತೆರೆಯಬಾರದೇಕೆ?

ಆದುದರಿಂದ ನನ್ನ ಅರಿಕೆ ನಾಲ್ಕು ಮಾತುಗಳಲ್ಲಿದೆ. ಮೊದಲನೆಯದು, ಉಕ್ಕಿನ ಹಲ್ಲುಬೋನಿನ ತಯಾರಿಕೆ ಮತ್ತು ಮಾರಾಟವನ್ನೂ, ಉರುಳಾಗಿ ಕಟ್ಟಿದ ತಂತಿಯನ್ನು ಬಯಲಿನಲ್ಲಿ ಹೂಡುವುದನ್ನೂ, ಅಭಯಾರಣ್ಯದ ಹೊರಗೂ, ಪ್ರಾಣಿ ಬಿದ್ದಿರಲಿ ಬಿಡಲಿ, ಅಪರಾಧವೆಂದು ಸಾರಬೇಕು. ಇಂಗ್ಲೆಂಡಿನಲ್ಲಿ ಹಲ್ಲುಬೋನು 1958ರಲ್ಲಿಯೇ ನಿಷಿದ್ಧವಾಯಿತು. ಎರಡನೆಯದು, ಉರುಳಿಗೆ ಸಿಕ್ಕ ಪ್ರಾಣಿಯ ಸುದ್ದಿಯನ್ನು ತಾನಾಗಿಯೇ ಕೂಡಲೆ ತಿಳಿಸಿದ ರೈತನಿಗೆ ಶಿಕ್ಷೆಯಲ್ಲಿ ರಿಯಾಯಿತಿ ಇರಬೇಕು. ಮೂರನೆಯದು, ಬೆಳೆಹಾನಿಯ ಪರಿಹಾರವನ್ನು ಕಾಲಮಿತಿಯೊಡನೆ ಶಾಸನದಲ್ಲಿಯೇ ಹಕ್ಕಾಗಿ ಬರೆಯಬೇಕು. ನಾಲ್ಕನೆಯದು, ಹಿಡಿಯುವ ವಿದ್ಯೆ ಬಲ್ಲ ಸಮುದಾಯಗಳಿಗೆ ಪ್ರಾಣಿಗಣತಿಯಲ್ಲಿ, ಉರುಳು ಹುಡುಕಿ ತೆಗೆಯುವ ಕೆಲಸದಲ್ಲಿ ಸಂಬಳದ ಸ್ಥಾನ ದೊರೆಯಬೇಕು. ಮೊದಲನೆಯದನ್ನು ಮಾತ್ರ ಮಾಡಿ ಉಳಿದ ಮೂರನ್ನು ಬಿಟ್ಟರೆ ಬಡವನ ಮೇಲೆ ಇನ್ನೊಂದು ಮೊಕದ್ದಮೆ ಹೆಚ್ಚಿತೆಂದಷ್ಟೇ ಆದೀತು.

ಶಾಸಕರು ಮತದಾರರ ಮಾತನ್ನು ಕೇಳುತ್ತಾರೆ; ಕಾಡಿನ ಜೀವಿಗೆ ಮತವಿಲ್ಲ. ಅದರ ಪರವಾಗಿ ಕೇಳಬೇಕಾದವರು ನಾವು. ರಸ್ತೆಗಾಗಿ, ಕೆರೆಯ ನೀರಿಗಾಗಿ ಅರ್ಜಿ ಬರೆಯುವ ಕೈ ಇದಕ್ಕಾಗಿಯೂ ಒಂದು ಹಾಳೆ ಬರೆಯಲಿ. ಬ್ರಹ್ಮಗಿರಿಯ ಬಂಡೆ ನಮ್ಮಿಂದ ಕೇಳುವುದು ಕಣ್ಣೀರನ್ನಲ್ಲ, ದಾರ್ಢ್ಯವನ್ನು; ಅದನ್ನು ಕಾಯಿದೆಯ ಮಾತಿನಲ್ಲಿ ಬರೆಯುವ ಅಧಿಕಾರ ಈಗ ವಿಧಾನಸೌಧದಲ್ಲಿ ಕುಳಿತವರಿಗಿದೆ.