ಅರಿಯೋಪಾಗದ ಸದಸ್ಯರು



ಪ್ರೇಷಿತರ ಕಾರ್ಯಕಲಾಪಗಳ 17ನೆಯ ಅಧ್ಯಾಯದ ಕೊನೆಯಲ್ಲಿ, ಸಂತ ಪೌಲರ ಬೋಧನೆಯನ್ನು ನಂಬಿದವರ ಪೈಕಿ ಅರಿಯೋಪಾಗದ ದಿಯೊನೀಸಿಯನ ಹೆಸರು ಬರುತ್ತದೆ. ಅರಿಯೋಪಾಗವೆಂಬುದು ಆತನ ಊರೆಂದು ಭಾವಿಸಿ ನಾವು ಮುಂದೆ ಸಾಗುತ್ತೇವೆ. ಅದು ಆತನ ಊರಲ್ಲ, ಆತನ ಪದವಿ.

ಅರಿಯೋಪಾಗವೆಂದರೆ ಅಥೆನ್ಸ್ ನಗರದ ಆಕ್ರೊಪೊಲಿಸ್ ಕೋಟೆಯ ಪಕ್ಕದಲ್ಲಿರುವ ಬಂಡೆಗುಡ್ಡ. ಅಲ್ಲಿ ಕೂಡುತ್ತಿದ್ದ ಉಚ್ಚ ನ್ಯಾಯಸಭೆಗೂ ಅದೇ ಹೆಸರು. ಆ ಸಭೆಯ ಪೀಠವು ತಂದೆಯಿಂದ ಮಗನಿಗೆ ಇಳಿದು ಬರುವಂಥದಲ್ಲ. ನಗರದಲ್ಲಿ ವರ್ಷಕ್ಕೆ ಒಂಬತ್ತು ಮಂದಿ ಆರ್ಕನ್ನರೆಂಬ ಅಧಿಕಾರಿಗಳಿರುತ್ತಿದ್ದರು. ಅವಧಿ ಮುಗಿಸಿ, ಲೆಕ್ಕ ಒಪ್ಪಿಸಿ, ನಿರ್ದೋಷಿಗಳೆನಿಸಿದವರು ಜೀವಾವಧಿ ಸದಸ್ಯರಾಗುತ್ತಿದ್ದರು. ಕ್ರಿ. ಪೂ. 594ರಲ್ಲಿ ಸೊಲೋನನ ಶಾಸನವು ಆರ್ಕನ್ ಪದವಿಗೆ ವಂಶಕ್ಕೆ ಬದಲಾಗಿ ಆಸ್ತಿಯನ್ನು ಅರ್ಹತೆಯಾಗಿಸಿತು, ಕ್ರಿ. ಪೂ. 457ರ ಸುಮಾರಿಗೆ ಮಧ್ಯಮ ವರ್ಗದ ರೈತರಿಗೂ ಬಾಗಿಲು ತೆರೆಯಿತು.

ಆರ್ಕನ್ನನಾಗುವವನಿಗೆ ಕೇಳುತ್ತಿದ್ದ ಪ್ರಶ್ನೆಗಳು ಮನನೀಯವಾಗಿವೆ. ನಿನ್ನ ತಂದೆ ಯಾರು, ತಾಯಿ ಯಾರು? ಹೆತ್ತವರನ್ನು ಚೆನ್ನಾಗಿ ನೋಡಿಕೊಳ್ಳುತ್ತೀಯೋ? ಮನೆತನದ ಸಮಾಧಿಗಳು ಎಲ್ಲಿವೆ? ತೆರಿಗೆ ಸಲ್ಲಿಸಿರುವೆಯೋ? ಯುದ್ಧಕ್ಕೆ ಹೋಗಿರುವೆಯೋ? ಅನಂತರ, ಈತನ ಮೇಲೆ ದೂರು ಹೇಳುವವರು ಯಾರಾದರೂ ಇದ್ದಾರೆಯೇ ಎಂದು ಕೇಳುತ್ತಿದ್ದರು. ನಮ್ಮ ದೇವಾಲಯಗಳಲ್ಲಿ ವಿವಾಹ ಪ್ರಕಟಣೆ ಓದುವಾಗ ಕೇಳುವ ಮಾತು ನೆನಪಾಗುತ್ತದೆಯಲ್ಲವೇ! ವಾಕ್ಚಾತುರ್ಯದ ಮೊದಲು ಹೆತ್ತವರ ಆರೈಕೆಯನ್ನು ಪರೀಕ್ಷಿಸಿದ ಆ ಜನರನ್ನು ಅಜ್ಞಾನಿಗಳೆಂದು ಹೇಗೆ ಕರೆಯೋಣ?

ಕ್ರಿ. ಪೂ. 462ರ ಸುಮಾರಿನಲ್ಲಿ ಎಫಿಯಾಲ್ಟಿಸನು ಈ ಸಭೆಯ ರಾಜಕೀಯ ಅಧಿಕಾರವನ್ನು ಮೊಟಕುಗೊಳಿಸಿದನು. ಆದರೂ ಉದ್ದೇಶಪೂರ್ವಕ ಕೊಲೆ, ವಿಷಪ್ರಯೋಗ, ಬೆಂಕಿಯಿಡುವುದು, ಪವಿತ್ರ ಆಲಿವ್ ಮರಗಳನ್ನು ಕೀಳುವುದು, ಇವುಗಳ ವಿಚಾರಣೆ ಅದರಲ್ಲಿಯೇ ಉಳಿಯಿತು. ರೋಮನ್ನರ ಆಳ್ವಿಕೆಯಲ್ಲಿ ಸಭೆಯು ಪುನಃ ಬಲಗೊಂಡಿತು. ಸಂತ ಪೌಲರು ಸುಮಾರು ಕ್ರಿ. ಶ. 50ರಲ್ಲಿ ನಿಂತದ್ದು ಇಂಥವರ ಮುಂದೆ.

ಸತ್ತವರ ಪುನರುತ್ಥಾನದ ಮಾತು ಬಂದೊಡನೆ ಕೆಲವರು ನಕ್ಕರು; ಕೆಲವರು ಇನ್ನೊಮ್ಮೆ ಕೇಳುವೆವೆಂದರು. ಸಾಕ್ಷ್ಯವನ್ನು ತೂಗುವ ಪೀಠದಲ್ಲಿದ್ದ ದಿಯೊನೀಸಿಯನು, ತಾನು ಕಣ್ಣಾರೆ ಕಾಣದ ಸಂಗತಿಯ ಕುರಿತು ಪರದೇಶಿಯೊಬ್ಬನು ನುಡಿದ ಸಾಕ್ಷ್ಯವನ್ನು ಒಪ್ಪಿದನು, ಅದೂ ನಗುವವರ ನಡುವೆ. (ಗುರುಮಠದಲ್ಲಿ ನಾವು ಕಂಡ, ಆತನ ಹೆಸರು ಹೊತ್ತ ದೈವಶಾಸ್ತ್ರ ಗ್ರಂಥಗಳು ಆತನವಲ್ಲ, ಸುಮಾರು ಕ್ರಿ. ಶ. 500ರ ಬೇರೊಬ್ಬರ ಬರಹ.)

ಅದೇ ವಾಕ್ಯದಲ್ಲಿ ದಾಮರಿ ಎಂಬ ಸ್ತ್ರೀಯ ಹೆಸರೂ ಇದೆ. ಆ ನ್ಯಾಯಸಭೆಯಲ್ಲಿ ಸ್ತ್ರೀಯರಿಗೆ ಸ್ಥಾನವಿರಲಿಲ್ಲ. ಸಂತ ಲೂಕರು ಆಕೆಯನ್ನು ಸಭಾಸದಸ್ಯನ ಪಕ್ಕದಲ್ಲಿಯೇ ಬರೆದಿದ್ದಾರೆ.